ಕುಡುಮಿ, ನರ್ಡ್, ಸೋಡಾಬುಡ್ಡಿ: ಓದುಗರ ಪ್ರಶ್ನೆ, ಬಳಗದ ಉತ್ತರ

ಕೊಡಗಿನಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿದ್ದವು. ಓದುವ ಮಕ್ಕಳಿಗೆ, ಯಾವುದೋ ಒಂದು ವಿಷಯಕ್ಕೆ ಅಂಟಿಕೊಂಡವರಿಗೆ ಬೀಳುವ ಹೆಸರು, ಆ ಹೆಸರಿನ ಜತೆ ಬರುವ ಸಂಕಟ. ಶಿಕ್ಷಕರು, ಆಪ್ತಸಮಾಲೋಚಕರು, ಕಣ್ಣಿನ ತಜ್ಞರು, ಕಾಫಿ ಕೃಷಿ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಗಣಿತ, ಚೆಸ್ ಎಂದರೆ ಊಟ ಬಿಡುತ್ತಾನೆ. ನಮ್ಮ ಮನೆಯಲ್ಲಿ ಅವನ ಅಪ್ಪ, ದೊಡ್ಡಪ್ಪ ಎಲ್ಲರೂ ಹಾಕಿ ಆಡಿದವರು, ಕುಟುಂಬದ ತಂಡ ವರ್ಷವೂ ಹಾಕಿ ಹಬ್ಬಕ್ಕೆ ಹೋಗುತ್ತದೆ. ಇವನಿಗೆ ಸ್ಟಿಕ್ ಹಿಡಿಯುವುದೇ ಬೇಡ. ಶಾಲೆಯಲ್ಲಿ ‘ಕುಡುಮಿ’ ಅಂತಾರಂತೆ. ಈಗೀಗ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ ಎಂದು ಟೀಚರ್ ಹೇಳಿದರು. ಬಲವಂತವಾಗಿ ಹಾಕಿಗೆ ಕಳಿಸಲೇ?
— ಒಬ್ಬ ತಾಯಿ, ನಾಪೋಕ್ಲು ಸಮೀಪ

ಉತ್ತರ: ಬಲವಂತ ಬೇಡ. ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಹಾಕಿಯ ಮಾತಲ್ಲ, ಆ ಎತ್ತದ ಕೈ. ಗೊತ್ತಿರುವುದನ್ನು ಮುಚ್ಚಿಡಲು ಮಗು ಕಲಿತರೆ ಬರಬರುತ್ತಾ ಅಂಕವೂ ಇಳಿಯುತ್ತದೆ, ಮಾತೂ ಇಳಿಯುತ್ತದೆ. ಮೊದಲು ಅದನ್ನು ನೋಡೋಣ.

ಕುಡುಮಿ ಎನ್ನುವ ಮಾತನ್ನು ಹೆಗಲ ಮೇಲೆ ಕೈಹಾಕಿ ಗೆಳೆಯನೂ ಹೇಳುತ್ತಾನೆ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗಿಟ್ಟು ಕೂರಲು ಬಿಡದವನೂ ಹೇಳುತ್ತಾನೆ. ಮಗನಿಗೆ ಬೀಳುತ್ತಿರುವುದು ಇದರಲ್ಲಿ ಯಾವುದು ಎಂದು ತಿಳಿಯಬೇಕು. ಎದುರು ಕೂರಿಸಿ ವಿಚಾರಣೆ ಮಾಡಿದರೆ ‘ಏನಿಲ್ಲಮ್ಮ’ ಎಂದು ಎದ್ದು ಹೋಗುತ್ತಾನೆ. ಪಾತ್ರೆ ಒರೆಸುವಾಗ, ತೋಟಕ್ಕೆ ನಡೆದು ಹೋಗುವಾಗ, ಮುಖ ನೋಡದೆ ಕೇಳಿ. ಯಾರು ಅಂದರು, ಎಲ್ಲಿ ಅಂದರು, ಜತೆಗೆ ಎಷ್ಟು ಮಂದಿ ಇದ್ದರು, ಆಮೇಲೆ ನೀನು ಏನು ಮಾಡಿದೆ — ಇಷ್ಟು ಸಾಕು. ‘ನಿನಗೇ ಯಾಕೆ ಹಾಗಂತಾರೆ?’ ಎಂದು ಮಾತ್ರ ಕೇಳಬೇಡಿ. ತಪ್ಪು ತನ್ನದೇ ಎಂದು ಅವನ ಕಿವಿಗೆ ಬೀಳುತ್ತದೆ. ಹೇಳಿದ್ದನ್ನು ದಿನಾಂಕ, ಜಾಗದ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ. ಎರಡು ವಾರದಲ್ಲಿ ಅದೇ ಹುಡುಗರ ಹೆಸರು ಮತ್ತೆ ಮತ್ತೆ ಬಂದರೆ, ಅಥವಾ ಬ್ಯಾಗ್ ಅಡಗಿಸುವುದು, ತಳ್ಳುವುದು ಒಂದೇ ಸಲ ನಡೆದರೂ, ಹಾಳೆ ಹಿಡಿದು ಕ್ಲಾಸ್ ಟೀಚರ್ ಬಳಿ ಹೋಗಿ.

ಟೀಚರಲ್ಲಿ ಕೇಳಬೇಕಾದ್ದು ಶಿಕ್ಷೆಯನ್ನಲ್ಲ, ಎರಡು ಬದಲಾವಣೆಯನ್ನು. ಒಂದು, ಕೈ ಎತ್ತಿಸುವ ಬದಲು ವಾರದಲ್ಲಿ ಎರಡು ಮೂರು ಸಲವಾದರೂ ಎಲ್ಲರೂ ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಲಿ. ಆಗ ಗೊತ್ತಿರುವವನು ಎದ್ದು ಕಾಣುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ‘ಅವನನ್ನು ನೋಡಿ ಕಲಿಯಿರಿ’ ಎಂಬ ಮಾತು ತರಗತಿಯಲ್ಲಿ ನಿಲ್ಲಬೇಕು. ಗೇಲಿಯ ಬೀಜ ಬಹಳ ಸಲ ಬೀಳುವುದು ಇಲ್ಲೇ. ಹೊಗಳಿಕೆ ಒಬ್ಬನಿಗೆ, ಅವಮಾನ ನಲವತ್ತು ಮಂದಿಗೆ. ಆ ನಲವತ್ತು ಮಂದಿ ಆಟದ ಬಯಲಲ್ಲಿ ಲೆಕ್ಕ ಚುಕ್ತಾ ಮಾಡುತ್ತಾರೆ. ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಹೋಲಿಸುವುದೂ ಇದೇ ಕೆಲಸ ಮಾಡುತ್ತದೆ.

ಇನ್ನು ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತು ಕೊಡಗಿನ ಬೇಸಿಗೆಯನ್ನೇ ತುಂಬಿಕೊಂಡಿದೆ. ಅದರಿಂದ ಹೊರಗುಳಿದ ಹುಡುಗನಿಗೆ ತನ್ನ ಮನೆತನದಿಂದಲೇ ಹೊರಗಾದಂತೆ ಅನ್ನಿಸಬಹುದು. ಸ್ಟಿಕ್ ಹಿಡಿಯದೆಯೂ ಮೈದಾನದೊಳಗೆ ಬರುವ ದಾರಿ ಇದೆ. ನಿಮ್ಮ ತಂಡದ ಲೆಕ್ಕ ಬರೆಯುವ ಕೆಲಸ ಅವನಿಗೆ ಕೊಡಿ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಆಟದ ಪ್ರತಿ ಭಾಗಕ್ಕೆ ಒಂದು ಪುಟ. ಪುಟದಲ್ಲಿ ಐದು ಸಾಲು: ಎದುರಾಳಿಯ ‘ಡಿ’ಯೊಳಗೆ (ಗೋಲಿನ ಮುಂದಿನ ಅರ್ಧವೃತ್ತ) ಎಷ್ಟು ಸಲ ಹೋದರು, ಅದು ಎಡದಿಂದಲೋ ಬಲದಿಂದಲೋ, ಗೋಲಿಗೆ ಎಷ್ಟು ಹೊಡೆತ, ಪೆನಾಲ್ಟಿ ಕಾರ್ನರ್ ಎಷ್ಟು ಸಿಕ್ಕಿ ಎಷ್ಟು ಗೋಲಾಯಿತು, ಕಾರ್ಡ್ ಯಾರಿಗೆ ಯಾವ ನಿಮಿಷದಲ್ಲಿ. ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಆಟಗಾರ ಹೊರಗೆ ಕೂರಬೇಕು. ಆ ಹೊತ್ತಿನಲ್ಲಿ ತಂಡ ಎಷ್ಟು ಗೋಲು ಬಿಟ್ಟುಕೊಟ್ಟಿತು ಎನ್ನುವುದೇ ಒಂದು ಲೆಕ್ಕ. ಮೊದಲ ಆಟದಲ್ಲಿ ಐದನ್ನೂ ಬರೆಯಲು ಹೋದರೆ ಕಣ್ಣು ಪುಸ್ತಕದಲ್ಲಿ, ಚೆಂಡು ಎಲ್ಲೋ. ಎರಡು ಸಾಲಿನಿಂದ ಶುರು ಮಾಡಲಿ. ಮೂರು ಆಟದ ಪುಟಗಳನ್ನು ಪಕ್ಕಪಕ್ಕ ಇಟ್ಟು ‘ದೊಡ್ಡಪ್ಪ, ನಮ್ಮ ದಾಳಿ ಎಲ್ಲ ಬಲಗಡೆಯಿಂದಲೇ ಹೋಗ್ತಿದೆ’ ಎಂದು ಅವನು ತೋರಿಸಿದ ದಿನ, ತಂಡಕ್ಕೆ ಅವನು ಬೇಕಾದವನಾಗುತ್ತಾನೆ.

ಮೈ ಬಗ್ಗುವ ಕೆಲಸವಂತೂ ಬೇಕೇ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್, ಷಟಲ್, ಏರಿನಲ್ಲಿ ನಡಿಗೆ, ಯಾವುದಾದರೂ ಆದೀತು. ಆಯ್ಕೆ ಅವನದಾಗಿರಲಿ.

ಪ್ರಶ್ನೆ: ನಾವು ಇಂಜಿನಿಯರಿಂಗ್ ಹುಡುಗರು ‘ನಾನು ನರ್ಡ್’ ಎಂದು ಟೀ ಶರ್ಟ್ ಮೇಲೆ ಹಾಕಿಕೊಳ್ಳುತ್ತೇವೆ. ನಮ್ಮ ಸೋದರಮಾವ ಅದು ಬೈಗುಳ ಅಂತಾರೆ. ಯಾರು ಸರಿ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ಮಾವ ಹೇಳುವುದು ಅವರ ಕಾಲಕ್ಕೆ ಸರಿ. ನರ್ಡ್ (ಈಗಿನ ಅರ್ಥದಲ್ಲಿ ಓದಿನ, ತಂತ್ರಜ್ಞಾನದ ಹುಚ್ಚಿನವರು) ಎಂಬ ಪದ 1950ರಲ್ಲಿ ಅಮೆರಿಕದ ಒಂದು ಮಕ್ಕಳ ಪುಸ್ತಕದಲ್ಲಿ ಕಾಲ್ಪನಿಕ ಪ್ರಾಣಿಯೊಂದರ ಹೆಸರಾಗಿ ಅಚ್ಚಾಯಿತು. ಮರುವರ್ಷವೇ, 1951ರಲ್ಲಿ, ಡೆಟ್ರಾಯಿಟ್‌ನ ಹುಡುಗರು ಸಪ್ಪೆ ಮನುಷ್ಯನನ್ನು ಹಾಗೆ ಕರೆಯುತ್ತಾರೆ ಎಂದು ನ್ಯೂಸ್‌ವೀಕ್ ಪತ್ರಿಕೆ ಬರೆಯಿತು. ಅದರ ಜೋಡಿ ಪದ ಗೀಕ್‌ನ ಹಿನ್ನೆಲೆ ಇನ್ನೂ ಕೆಟ್ಟದ್ದು. ಜಾತ್ರೆಯ ಡೇರೆಯಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ತೋರಿಸುವವನನ್ನು ಅಲ್ಲಿ ಗೀಕ್ ಎನ್ನುತ್ತಿದ್ದರು.

ಮರ್ಯಾದೆ ಬಂದದ್ದು ಕೆಲಸದ ಮೂಲಕ. 1975ರ ಜನವರಿಯಲ್ಲಿ ಆಲ್ಟೇರ್ 8800 ಎಂಬ, ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಂಪ್ಯೂಟರ್ ಕಿಟ್ ಅಮೆರಿಕದ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರ ಮುಖಪುಟಕ್ಕೆ ಬಂತು. ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಇಂಥ ಹುಚ್ಚಿನವರೆಲ್ಲ ಸೇರಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಕಟ್ಟಿದರು. ಅಲ್ಲಿಗೆ ಬರುತ್ತಿದ್ದ ಸ್ಟೀವ್ ವೋಜ್ನಿಯಾಕ್ ತಾನು ಕಟ್ಟಿದ ಕಂಪ್ಯೂಟರಿನ ನಕ್ಷೆಯನ್ನು ಉಳಿದವರಿಗೆ ಹಂಚುತ್ತಿದ್ದರು. 1976ರಲ್ಲಿ ಆಪಲ್ ಶುರುವಾದದ್ದು ಅದೇ ಕಂಪ್ಯೂಟರಿನಿಂದ. ಆಮೇಲೆ ಹಣ ಬಂತು, ಹಣದ ಹಿಂದೆ ಗೌರವ ಬಂತು. ಸಿಲಿಕಾನ್ ಕಣಿವೆಯ ಗಾಳಿ ಬೆಂಗಳೂರಿಗೆ ಬೀಸಿತು, ಅಲ್ಲಿಂದ ಕುಶಾಲನಗರದ ಟೀ ಶರ್ಟಿಗೆ ಎಷ್ಟು ದೂರ?

ಆದರೆ ಈ ಹೊಸ ಗೌರವ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಆರು ಮಂದಿಯೂ ಹೆಂಗಸರು. ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಶೇ. 37ರಷ್ಟು ಹೆಣ್ಣುಮಕ್ಕಳಿದ್ದರು, ಮುಂದಿನ ದಶಕಗಳಲ್ಲಿ ಅದು ಶೇ. 20ಕ್ಕೂ ಕೆಳಗಿಳಿಯಿತು. ಮನೆ ಕಂಪ್ಯೂಟರನ್ನು ಹುಡುಗರ ಆಟಿಕೆಯಾಗಿ ಮಾರಿದ್ದು, ನರ್ಡ್ ಎಂದರೆ ಕನ್ನಡಕದ ಹುಡುಗ ಎಂಬ ಚಿತ್ರ ತೆರೆಯ ಮೇಲೆ ಗಟ್ಟಿಯಾದದ್ದು ಇದಕ್ಕೆ ಒಂದು ಕಾರಣ ಎಂದು ಬಲ್ಲವರು ಹೇಳುತ್ತಾರೆ. ನಿಮ್ಮ ಲ್ಯಾಬಿನಲ್ಲಿ ಬೆಸುಗೆ ಕಡ್ಡಿ ಯಾರ ಕೈಯಲ್ಲಿದೆ, ರೆಕಾರ್ಡ್ ಬರೆಯುವ ಕೆಲಸ ಯಾರ ಪಾಲಿಗೆ ಬಂದಿದೆ, ಒಮ್ಮೆ ನೋಡಿ.

ಒಂದು ಮಾತು ಸೇರಿಸುತ್ತೇವೆ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು, ಹಿರಿಯರ ಬಾಯಲ್ಲಿದ್ದ ಹಾಡು, ಗಾದೆ, ಪದ್ಧತಿಗಳನ್ನು ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ನರ್ಡ್ ಎಂಬ ಪದ ಹುಟ್ಟುವ ಮೊದಲೇ ಕೊಡಗಿನಲ್ಲಿ ಅಂಥ ಮನುಷ್ಯ ಇದ್ದರು.

ಪ್ರಶ್ನೆ: ದ್ವಿತೀಯ ಪಿಯುಸಿ. ನನ್ನ ಪವರ್ ಮೈನಸ್ 6.5. ‘ಸೋಡಾಬುಡ್ಡಿ’ ಎಂದು ಕೇಳಿ ಕೇಳಿ ಸಾಕಾಗಿದೆ. ಓದಿ ಓದಿ ಕಣ್ಣು ಹಾಳಾಯಿತು ಎನ್ನುತ್ತಾರೆ ಅಜ್ಜಿ. ನಿಜವೇ? ಕನ್ನಡಕ ತೆಳ್ಳಗಾಗಲು ದಾರಿ ಇದೆಯೇ?
— ವಿರಾಜಪೇಟೆ

ಉತ್ತರ: ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೆಚ್ಚು ವರ್ಷ ಓದಿದವರಲ್ಲಿ ಸಮೀಪದೃಷ್ಟಿ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಅಪ್ಪ ಅಮ್ಮನಿಂದ ಬರುವುದೂ ಇದೆ. ಜತೆಗೆ ಹೊರಗಿನ ಬೆಳಕು ಕಡಿಮೆಯಾದರೂ ಮಕ್ಕಳ ಕಣ್ಣುಗುಡ್ಡೆ ಉದ್ದ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಒಳಗೇ ಉಳಿಯುತ್ತಾರೆ. ಟ್ಯೂಬ್‌ಲೈಟ್ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ). ಮೋಡ ಮುಚ್ಚಿದ ಹಗಲಲ್ಲೂ ಅಂಗಳದಲ್ಲಿ ಸಾವಿರಾರು. ಮನೆಯಲ್ಲಿ ತಮ್ಮ ತಂಗಿ ಇದ್ದರೆ ಮಳೆ ಬಿಡುವು ಕೊಟ್ಟಾಗಲೆಲ್ಲ ಹೊರಗೆ ಕಳಿಸಿ, ದಿನಕ್ಕೆ ಎರಡು ಗಂಟೆ ಕೂಡಿದರೆ ಒಳ್ಳೆಯದು. ಪುಸ್ತಕ ಕಣ್ಣಿನಿಂದ ಮೊಣಕೈಯಿಂದ ಬೆರಳಗಂಟಿನವರೆಗಿನಷ್ಟು ದೂರ ಇರಲಿ.

ಈಗ ನಿಮ್ಮ ಕನ್ನಡಕ. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ಹಾಗಾಗಿ ಫ್ರೇಮ್ ಅಗಲವಾದಷ್ಟೂ ದಪ್ಪ ಅಂಚು ಉಳಿದುಕೊಳ್ಳುತ್ತದೆ. ದುಬಾರಿ ಲೆನ್ಸ್ ತೆಗೆದುಕೊಂಡು ದೊಡ್ಡ ಫ್ರೇಮ್ ಆರಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಹೆಚ್ಚಿನವರು ಎಡವುವುದು ಇಲ್ಲೇ. ಕಣ್ಣುಪಾಪೆ ಫ್ರೇಮಿನ ಸರಿ ನಡುವೆ ಬರುವಂಥ, ಚಿಕ್ಕ, ದುಂಡು ಅಥವಾ ಮೂಲೆ ಉರುಟಾದ ಫ್ರೇಮ್ ನೋಡಿ. ಪೂರ್ತಿ ಅಂಚಿರುವ ಪ್ಲಾಸ್ಟಿಕ್ ಫ್ರೇಮ್ ದಪ್ಪವನ್ನು ಮರೆಮಾಡುತ್ತದೆ, ಅಂಚಿಲ್ಲದ್ದು ಎತ್ತಿ ತೋರಿಸುತ್ತದೆ. ಆಮೇಲೆ ಲೆನ್ಸಿನ ಇಂಡೆಕ್ಸ್, ಅಂದರೆ ಬೆಳಕನ್ನು ಬಗ್ಗಿಸುವ ಶಕ್ತಿಯ ಅಂಕಿ; ಅದು ಹೆಚ್ಚಿದಷ್ಟೂ ಲೆನ್ಸ್ ತೆಳು. ಸಾಮಾನ್ಯ ಪ್ಲಾಸ್ಟಿಕ್ 1.50. ನಿಮ್ಮ ಪವರಿಗೆ 1.67 ಕೇಳಿ. 1.74 ಇನ್ನಷ್ಟು ತೆಳು, ಆದರೆ ಚಿಕ್ಕ ಫ್ರೇಮಿನಲ್ಲಿ ವ್ಯತ್ಯಾಸ ಕಡಿಮೆ, ಬೆಲೆ ಹೆಚ್ಚು. ಇಂಡೆಕ್ಸ್ ಏರಿದಂತೆ ಹೊಳಪು ಪ್ರತಿಫಲನವೂ ಏರುವುದರಿಂದ ಆ್ಯಂಟಿ ರಿಫ್ಲೆಕ್ಷನ್ ಲೇಪನ ಬಿಡಬೇಡಿ. ಎದುರಿನವರಿಗೆ ಕಾಣುವ ಸುತ್ತುಸುತ್ತು ಗೆರೆಯೂ ಅದರಿಂದ ತಗ್ಗುತ್ತದೆ.

ಆಟ ಆಡುವುದಿದ್ದರೆ ಬೇರೊಂದು ಜೋಡಿ ಪಾಲಿಕಾರ್ಬೊನೇಟಿನದು ಇರಲಿ, ಚೆಂಡು ಬಡಿದರೂ ಚೂರಾಗುವುದಿಲ್ಲ. ಮಳೆಗಾಲದಲ್ಲಿ ಸೀರೆ ಸೆರಗು, ಚೂಡಿದಾರದ ತುದಿಯಲ್ಲಿ ಒರೆಸಿದರೆ ಲೇಪನ ಗೀಚಿಹೋಗುತ್ತದೆ. ಮೊದಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮತ್ತೆ ನೀರು, ಆಮೇಲೆ ಮೆತ್ತನೆ ಬಟ್ಟೆ.

ತೆಳ್ಳಗೆ ಕಾಣುವುದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೈನಸ್ 6 ದಾಟಿದವರು ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ರೆಟಿನಾ ತೋರಿಸಿಕೊಳ್ಳಬೇಕು. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

ಪ್ರಶ್ನೆ: ಮಗಳು ಎಂಎಸ್ಸಿ ಮುಗಿಸಿ ತೋಟ ನೋಡಿಕೊಳ್ಳಲು ಬಂದಿದ್ದಾಳೆ. ದಿನವೂ ಮಳೆ ಅಳೆಯುತ್ತಾಳೆ, ಮಣ್ಣು ಕಟ್ಟಿ ಇಡುತ್ತಾಳೆ, ಗಿಡಗಳಿಗೆ ನಂಬರ್ ಹಾಕಿದ್ದಾಳೆ. ರೈಟರ್, ಮೇಸ್ತ್ರಿ, ನೆಂಟರು ಎಲ್ಲರೂ ‘ಪುಸ್ತಕದ ಬದನೆಕಾಯಿ’ ಎಂದು ನಗುತ್ತಾರೆ. ಅವಳ ಈ ಹುಚ್ಚನ್ನು ತೋಟಕ್ಕೆ ಉಪಯೋಗ ಆಗುವಂತೆ ಮಾಡುವುದು ಹೇಗೆ?
— ಬೆಳೆಗಾರ, ಸುಂಟಿಕೊಪ್ಪ

ಉತ್ತರ: ಕೊಡಗಿನ ಹಳೆಯ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಡೈರಿಗೆ ಬರೆದಿಟ್ಟ ಅಜ್ಜಂದಿರನ್ನು ಯಾರೂ ಹಾಗೆ ಕರೆಯಲಿಲ್ಲ. ಅದೇ ಕೆಲಸವನ್ನು ಮಗಳು ಮಾಡುತ್ತಿದ್ದಾಳೆ. ಅವಳ ಲೆಕ್ಕ ಗಟ್ಟಿಯಾಗಿರುವಂತೆ ನೋಡಿಕೊಳ್ಳಿ, ನಗು ತಾನಾಗಿ ನಿಲ್ಲುತ್ತದೆ.

ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸಮತಟ್ಟಾಗಿ ಇರಬೇಕು. ಹತ್ತಿರದ ಮರ, ಮನೆಯಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರ ಇಡಿ. ನೆರಳುಮರದ ಕೆಳಗೆ ಇಟ್ಟರೆ ಸಣ್ಣ ಮಳೆ ಎಲೆಯಲ್ಲೇ ಉಳಿಯುತ್ತದೆ, ಮಳೆ ನಿಂತ ಮೇಲೂ ಹನಿ ಬೀಳುತ್ತದೆ, ಎರಡೂ ಲೆಕ್ಕ ಕೆಡಿಸುತ್ತವೆ. ಓದುವ ಹೊತ್ತು ಬೆಳಗ್ಗೆ 8.30, ದಿನವೂ ಅದೇ. ಜುಲೈ ರಾತ್ರಿಗಳಲ್ಲಿ ಡಬ್ಬ ತುಂಬಿ ಹರಿಯಬಹುದು. ಮಲಗುವ ಮುನ್ನ ಒಮ್ಮೆ ಅಳೆದು ಚೆಲ್ಲಿ, ಬೆಳಗಿನದಕ್ಕೆ ಕೂಡಿಸಿ. ಅಳತೆ ಗಾಜು ಒಡೆದಾಗ ಬೇರೆ ಮಾಪಕದ ಗಾಜು ತಂದು ಬಳಸುವವರಿದ್ದಾರೆ. ಆಲಿಕೆಯ ಬಾಯಿಗೂ ಗಾಜಿಗೂ ಜೋಡಿ ಹೊಂದದಿದ್ದರೆ ಇಡೀ ವರ್ಷದ ಅಂಕಿ ಸುಳ್ಳಾಗುತ್ತದೆ. ಒಂದು ಇಂಚು ಎಂದರೆ 100 ಸೆಂಟ್, 25.4 ಮಿ.ಮೀ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲಕ್ಕೆ ಈ ಡೈರಿಯ ಬೆಲೆ ತಿಳಿಯುತ್ತದೆ. ರೊಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚಿನಷ್ಟಾದರೂ ಬೇಕು. 40 ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧ ಅರಳಿ ಕೆಡುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎನ್ನುವುದನ್ನು ಅಂದಾಜಿನಲ್ಲಲ್ಲ, ಅವಳ ಅಂಕಿ ನೋಡಿ ತೀರ್ಮಾನಿಸಿ. ಪಕ್ಕದ ತೋಟದಲ್ಲಿ ಬಿದ್ದ ಮಳೆ ನಿಮ್ಮಲ್ಲಿ ಬಿದ್ದಿರಬೇಕೆಂದಿಲ್ಲ.

ಮಣ್ಣಿನ ಮಾದರಿಗೆ ಒಂದು ಬ್ಲಾಕಿನಲ್ಲಿ ಅಡ್ಡಾದಿಡ್ಡಿ ನಡೆದು 10ರಿಂದ 15 ಕಡೆ ತೆಗೆಯಬೇಕು. ತರಗೆಲೆ ಸರಿಸಿ, ಒಂಬತ್ತು ಇಂಚು ಆಳಕ್ಕೆ ವಿ ಆಕಾರದ ಗುಂಡಿ ಮಾಡಿ, ಗೋಡೆಯಿಂದ ಮೇಲಿಂದ ಕೆಳಕ್ಕೆ ಒಂದೇ ದಪ್ಪದ ಪದರ ಕೆರೆಯಲಿ. ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ, ನೆರಳಲ್ಲಿ ಒಣಗಿಸಬೇಕು. ಗೊಬ್ಬರದ ಚೀಲದಲ್ಲಿ ಕಟ್ಟಿದರೆ, ಅಥವಾ ಸುಣ್ಣ, ಗೊಬ್ಬರ ಹಾಕಿದ ಬೆನ್ನಲ್ಲೇ ತೆಗೆದರೆ ಪರೀಕ್ಷೆ ವ್ಯರ್ಥ. ಕಾಫಿಗೆ ಮಣ್ಣಿನ ಹುಳಿ ತೋರಿಸುವ ಪಿಎಚ್ ಅಂಕಿ 6ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಸುಣ್ಣ ಎಷ್ಟು ಎನ್ನುವುದು ಆ ವರದಿಯಿಂದ ಬರಬೇಕು, ಹೋದ ವರ್ಷದ ಅಭ್ಯಾಸದಿಂದಲ್ಲ.

ಗಿಡಕ್ಕೆ ನಂಬರ್ ಹಾಕಿದ್ದು ಅರೇಬಿಕಾ ಬ್ಲಾಕಿನಲ್ಲಾದರೆ ಬಹಳ ಒಳ್ಳೆಯದಾಯಿತು. ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕೂ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿ ಎಲೆ ಕಂಡ ಗಿಡ ಹುಡುಕಿ ಕಿತ್ತು ಸುಡಬೇಕು. ಯಾವ ನಂಬರಿನ ಸುತ್ತ ಹೆಚ್ಚು ಹೋಯಿತು, ಅಲ್ಲಿ ನೆರಳು ಹೇಗಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿದರೆ ಮುಂದಿನ ವರ್ಷ ಎಲ್ಲಿಂದ ಹುಡುಕಬೇಕೆಂದು ಗೊತ್ತಿರುತ್ತದೆ.

ಒಂದು ಎಚ್ಚರಿಕೆ ಮಗಳಿಗೂ ಇದೆ. ಮೇಸ್ತ್ರಿಗೆ ಇಪ್ಪತ್ತು ವರ್ಷದ ಕಣ್ಣಿದೆ. ಅಂಕಿ ಹಿಡಿದು ಅವರನ್ನು ಸುಳ್ಳು ಮಾಡಲು ಹೋದರೆ ಯಾರೂ ಸಹಕರಿಸುವುದಿಲ್ಲ. ‘ಅಣ್ಣ, ಈ ಮೂಲೆಯಲ್ಲೇ ಯಾಕೆ ಹೆಚ್ಚು ಗಿಡ ಹೋಗ್ತಿದೆ?’ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಕಪ್ಪೆಗಳ ಹುಚ್ಚು. ಕೂಗು ಕೇಳಿ ಹೆಸರು ಹೇಳುತ್ತಾನೆ. ಬೇರೆ ಮಾತೇ ಇಲ್ಲ, ಗೆಳೆಯರೂ ಕಡಿಮೆ. ಆಟಿಸಂ ಇರಬಹುದು ಎಂದು ನಾದಿನಿ ಹೆದರಿಸಿದ್ದಾರೆ.
— ಭಾಗಮಂಡಲ

ಉತ್ತರ: ಒಂದು ವಿಷಯದ ಹುಚ್ಚು ಮಾತ್ರದಿಂದ ಹಾಗೆನ್ನಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಕಣ್ಣಿಗೆ ಕಣ್ಣು ಕೊಡುವುದು ಕಡಿಮೆಯೇ, ಎದುರಿನವರಿಗೆ ಬೇಸರವಾದದ್ದು ತಿಳಿಯುವುದಿಲ್ಲವೇ, ದಿನಚರಿ ಸ್ವಲ್ಪ ಬದಲಾದರೂ ತಡೆಯಲಾಗದಷ್ಟು ಗಲಾಟೆಯೇ, ಮಿಕ್ಸಿಯ ಸದ್ದು, ಬಟ್ಟೆಯ ಲೇಬಲ್ ಸಹಿಸುವುದಿಲ್ಲವೇ ನೋಡಿ. ಇಂಥವು ಹಲವು ಒಟ್ಟಿಗೆ ಇದ್ದು, ಮನೆಯಲ್ಲೂ ಶಾಲೆಯಲ್ಲೂ ತೊಂದರೆ ಕೊಡುತ್ತಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವರವಾದ ಪರೀಕ್ಷೆ ಇದೆ. ಮೊದಲು ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೂ ಸಿಗುತ್ತದೆ. ಆಟಿಸಂ ಎಂದೇ ತಿಳಿದುಬಂದರೂ ಕಪ್ಪೆಯ ಪ್ರೀತಿ ಬಿಡಿಸಬೇಕಾಗಿಲ್ಲ. ಆ ಮಗು ಜನರ ಕಡೆ ಬರುವ ಬಾಗಿಲೇ ಅದು.

ಇರಲಿ ಇರದಿರಲಿ, ಹುಚ್ಚಿಗೆ ಜತೆ ಹುಡುಕಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಒಂದು ಪತ್ರ ಬರೆಸಿ. ಕೂಗನ್ನು ಮೊಬೈಲಿನಲ್ಲಿ ದಾಖಲಿಸಿ ಜೀವಿಗಳನ್ನು ಗುರುತಿಸಲು ಜನ ಚಿತ್ರ, ಸದ್ದು ಹಂಚುವ ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ. ಆ್ಯಪಿಗೆ ಖಾತೆ ನಿಮ್ಮದಿರಲಿ, ಮನೆಯ ಜಾಗ ಕಾಣದಂತೆ ‘ಮಸುಕು’ ಆಯ್ಕೆ ಹಾಕಿ. ರಾತ್ರಿ ಹೊರಟರೆ ದೊಡ್ಡವರು ಜತೆಗಿರಲಿ, ಗಂಬೂಟು, ಟಾರ್ಚು ಬೇಕು, ಆನೆ ಓಡಾಡುವ ಕಡೆ ಅಂಗಳ ದಾಟಬೇಡಿ. ಕಪ್ಪೆಯನ್ನು ಒಣಗಿದ ಕೈಯಲ್ಲಾಗಲಿ ಸೊಳ್ಳೆ ಎಣ್ಣೆ ಹಚ್ಚಿದ ಕೈಯಲ್ಲಾಗಲಿ ಹಿಡಿಯಬಾರದು, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮಾತಿನ ಅಭ್ಯಾಸಕ್ಕೆ ಊಟದ ಹೊತ್ತಿನಲ್ಲಿ ಒಂದು ನಿಯಮ ಇಡಬಹುದು: ಅವನು ಕಪ್ಪೆಯ ಬಗ್ಗೆ ಎರಡು ವಿಷಯ ಹೇಳಿದ ಮೇಲೆ, ಅಕ್ಕನಿಗೆ ಅವಳ ದಿನದ ಬಗ್ಗೆ ಒಂದು ಪ್ರಶ್ನೆ ಕೇಳಬೇಕು.

ಪ್ರಶ್ನೆ: ಓದುವ ಹುಡುಗ ಎಂದರೆ ಇಂಜಿನಿಯರಿಂಗೇ ಸೇರಿಸಬೇಕೇ?
— ಸೋಮವಾರಪೇಟೆ

ಉತ್ತರ: ಬೇಕಿಲ್ಲ. ಅಂಕ ನೋಡಬೇಡಿ, ಯಾರೂ ಹೇಳದೆ ರಜೆಯಲ್ಲಿ ಏನು ಮಾಡುತ್ತಾನೆ ನೋಡಿ. ಬಿಚ್ಚಿ ಜೋಡಿಸುತ್ತಾನೋ, ಓದಿ ಬರೆಯುತ್ತಾನೋ, ಗಿಡದ ಹಿಂದೆ ಹೋಗುತ್ತಾನೋ. ಆ ಕೆಲಸ ಮಾಡುತ್ತಿರುವವರ ಜತೆ ಒಂದು ವಾರ ಇರಲು ಬಿಟ್ಟು ಆಮೇಲೆ ಅರ್ಜಿ ತುಂಬಿ.

ಪ್ರಶ್ನೆ: ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನನ್ನ ಫೋಟೋಗೆ ಕನ್ನಡಕ, ಹಲ್ಲು ಬರೆದು ‘ನರ್ಡ್ ಆಫ್ ದಿ ಇಯರ್’ ಎಂದು ಸ್ಟಿಕ್ಕರ್ ಮಾಡಿದ್ದಾರೆ. ನಾನೂ ನಕ್ಕೆ. ಆದರೆ ನಿಲ್ಲುತ್ತಿಲ್ಲ.
— ಹತ್ತನೇ ತರಗತಿ, ಮಡಿಕೇರಿ

ಉತ್ತರ: ಮೊದಲು ನಕ್ಕೆ ಎನ್ನುವುದು ಈಗ ಬೇಡ ಎನ್ನಲು ಅಡ್ಡಿಯಲ್ಲ. ಗ್ರೂಪಿನಿಂದ ಹೊರಬರುವ ಮೊದಲು, ಯಾರಾದರೂ ಅಳಿಸುವ ಮೊದಲು, ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ಹೆಸರು, ದಿನಾಂಕ, ಹೊತ್ತು ಕಾಣಬೇಕು. ಸ್ಟಿಕ್ಕರ್ ಮಾಡಿದವರಿಗೆ ಗ್ರೂಪಿನಲ್ಲಲ್ಲ, ಬೇರೆಯಾಗಿ ಒಂದೇ ಸಾಲು ಬರೆಯಿರಿ: ‘ನನ್ನ ಫೋಟೋ ಬಳಸಿದ್ದು ಇಷ್ಟವಿಲ್ಲ, ಇವತ್ತೇ ತೆಗಿ.’ ಕಾರಣ ಕೊಡಬೇಡಿ, ಬೈಯಬೇಡಿ. ಉದ್ದ ಬರೆದರೆ ಅದೇ ಮುಂದಿನ ಸ್ಟಿಕ್ಕರ್ ಆಗುತ್ತದೆ. ಮರುದಿನವೂ ಉಳಿದರೆ ಸ್ಕ್ರೀನ್‌ಶಾಟಿನ ಪ್ರತಿ ಹಚ್ಚಿ ಅಪ್ಪ ಅಥವಾ ಅಮ್ಮನ ಸಹಿಯೊಂದಿಗೆ ಹೆಡ್‌ಮಾಸ್ಟರಿಗೆ ಲಿಖಿತ ದೂರು ಕೊಡಿ, ನಕಲಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬೆದರಿಕೆ ಬಂದರೆ, ಅಥವಾ ಚಿತ್ರ ಅಶ್ಲೀಲವಾದರೆ ಶಾಲೆಗಾಗಿ ಕಾಯದೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.